ಹಳೆಯ ಸ್ಟ್ರೇಟ್ ಸಿಕ್ಸ್ ಎಂಜಿನ್‌ಗೆ ಟರ್ಬೊ: ಪುಣೆಯ ಬಿಸಿಲಿಗೆ ತಡೆಯುವ ಅರ್ಧ ಬಾರ್ ಬೂಸ್ಟ್

ಟರ್ಬೊ ಹಾಕಿದ ಹಳೆಯ ಎಂಜಿನ್ ಕೈಕೊಟ್ಟರೆ ಗ್ಯಾರೇಜಿನಲ್ಲಿ ಕೇಳುವ ಮಾತು ಒಂದೇ: "ಬೂಸ್ಟ್ ಜಾಸ್ತಿ ಆಯ್ತು." ಬೂಸ್ಟ್ ಎಂದರೆ ಟರ್ಬೊ ಎಂಜಿನ್‌ಗೆ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ. ಹೆಡ್ ಬಿಚ್ಚಿದರೆ ಕಾಣುವುದು ಬೇರೆ. ಪಿಸ್ಟನ್ನಿನ ಅಂಚು ಇಲಿ ಕಡಿದ ಹಾಗೆ ತರಿದಿರುತ್ತದೆ, ಎರಡು ರಿಂಗ್‌ಗಳ ನಡುವಿನ ದಂಡೆ ಸೀಳಿರುತ್ತದೆ, ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಚುಕ್ಕೆಗಳಿರುತ್ತವೆ. ಆ ಚುಕ್ಕೆಗಳಲ್ಲಿ ಕೆಲವು ಬೆಳಕಿಗೆ ಮಿನುಗುತ್ತವೆ. ಅದು ಕರಗಿದ ಪಿಸ್ಟನ್ನಿನ ಅಲ್ಯೂಮಿನಿಯಂ. ಇವೆಲ್ಲ ನಾಕ್‌ನ ಗುರುತುಗಳು: ಕಿಡಿ ಹೊತ್ತಿಸಿದ ಬೆಂಕಿ ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿದಿದೆ. ಕಾರಣ ಶಾಖ, ಕಡಿಮೆ ಆಕ್ಟೇನ್, ಮುಂದಿದ್ದ ಟೈಮಿಂಗ್ (ಕಿಡಿ ತೀರ ಬೇಗ ಹಾರುವುದು), ಇಲ್ಲವೇ ಸಾಲದ ಪೆಟ್ರೋಲ್. ಅರ್ಧ ಬಾರ್ ಒತ್ತಡವನ್ನು ಒಳ್ಳೆಯ ಆರು ಸಿಲಿಂಡರ್ ಎಂಜಿನ್ ವರ್ಷಗಟ್ಟಲೆ ಹೊರುತ್ತದೆ. ನಾಕ್ ಅನ್ನು ಹೆಚ್ಚು ಹೊತ್ತು ಹೊರುವುದಿಲ್ಲ. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಅದನ್ನು ತಡೆಯುವುದಕ್ಕಾಗಿಯೇ.

ಗುರಿ ಇಷ್ಟು: ಪಿಸ್ಟನ್, ಕನೆಕ್ಟಿಂಗ್ ರಾಡ್ ಮುಟ್ಟದೆ, 2.5ರಿಂದ 3 ಲೀಟರಿನ ಹಳೆಯ ಸ್ಟ್ರೇಟ್ ಸಿಕ್ಸ್ (ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ) ಪೆಟ್ರೋಲ್ ಎಂಜಿನ್‌ಗೆ 0.5 ಬಾರ್ ಬೂಸ್ಟ್. ಉದಾಹರಣೆಗೆ ಬಿಎಂಡಬ್ಲ್ಯುನ ಎಂ50, ಎಂ52, ಎಂ54 ಕುಟುಂಬವನ್ನು ತೆಗೆದುಕೊಂಡಿದ್ದೇವೆ. ಹಳೆಯ 3 ಸೀರೀಸ್, 5 ಸೀರೀಸ್ ಕಾರುಗಳಲ್ಲಿ ಇವೇ ಇರುವುದು, ಬಿಡಿಭಾಗವೂ ಸಿಗುತ್ತದೆ. ಮೂರಕ್ಕೂ ಬೋರ್ (ಸಿಲಿಂಡರಿನ ಒಳವ್ಯಾಸ) 84 ಮಿ.ಮೀ. (ಎಂ54ರ 2.2 ಲೀಟರ್‌ನಂಥ ಚಿಕ್ಕವನ್ನು ಬಿಡಿ). ಕೊಡಗಿನವರ ಪ್ರೀತಿಯ ಜೋಂಗಾದಲ್ಲಿರುವ 3956 ಸಿಸಿ ನಿಸ್ಸಾನ್ ಎಂಜಿನ್ ಕೂಡ ಸ್ಟ್ರೇಟ್ ಸಿಕ್ಸೇ. ಆದರೆ ಅದು ಕಾರ್ಬ್ಯುರೇಟರ್ ಎಂಜಿನ್, ಅದರ ದಾರಿಯೇ ಬೇರೆ, ಇಲ್ಲಿ ಅದನ್ನು ಸೇರಿಸಿಲ್ಲ.

ಟರ್ಬೊಗೆ ಈ ಎಂಜಿನ್ ಹೇಳಿ ಮಾಡಿಸಿದಂತಿದೆ. ಫೈರಿಂಗ್ ಆರ್ಡರ್ 1-5-3-6-2-4. ಓದುತ್ತಾ ಹೋಗಿ: ಮುಂದಿನ ಮೂರರಲ್ಲೊಂದು, ಹಿಂದಿನ ಮೂರರಲ್ಲೊಂದು, ಮತ್ತೆ ಮುಂದಿನದು, ಮತ್ತೆ ಹಿಂದಿನದು. 1-2-3ರ ಹೊಗೆಯನ್ನು ಒಂದು ಕೊಳವೆಗೂ 4-5-6ರದನ್ನು ಇನ್ನೊಂದಕ್ಕೂ ಕೊಟ್ಟರೆ ಪ್ರತಿ ಕೊಳವೆಗೆ 240 ಡಿಗ್ರಿಗೊಮ್ಮೆ ಒಂದು ತಳ್ಳು ಬೀಳುತ್ತದೆ, ಒಂದರ ಹೊಗೆ ಇನ್ನೊಂದರ ಬಾಯಿಗೆ ಹಿಮ್ಮರಳುವುದಿಲ್ಲ. ಹೊಗೆಗೆ ಎರಡು ಪ್ರತ್ಯೇಕ ದಾರಿಗಳಿರುವ ಟ್ವಿನ್ ಸ್ಕ್ರೋಲ್ ಟರ್ಬೊಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಸಿಗುವುದು ಕಷ್ಟ.

ಕಾನೂನನ್ನು ಮೊದಲೇ ತಿಳಿದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ 182ಎ(4) ಪ್ರಕಾರ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡೂ. ವಿಮೆಯೂ ಕೈಬಿಡುತ್ತದೆ. ಹಾಗಾಗಿ ಇದು ಟ್ರ್ಯಾಕಿಗೆ, ಡ್ರ್ಯಾಗ್ ಪಟ್ಟಿಗೆ ಮೀಸಲಾದ ಕಾರಿನ ಕೆಲಸ. ಟ್ರ್ಯಾಕಿಗೆ ಟ್ರೇಲರ್ ಮೇಲೆ ಒಯ್ಯಿರಿ.

ಬಿಚ್ಚುವ ಮುನ್ನ: ಎಂಜಿನ್‌ಗೆ ಯೋಗ್ಯತೆ ಇದೆಯೇ?

ಇಪ್ಪತ್ತು ವರ್ಷ ಓಡಿದ ಎಂಜಿನ್ ಕೇಳಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಸಾಲದು. ಎಂಜಿನ್ ಬಿಸಿ ಮಾಡಿ, ಆರೂ ಪ್ಲಗ್ ತೆಗೆದು, ಇಂಜೆಕ್ಟರ್ ಮತ್ತು ಕಾಯಿಲ್‌ಗಳ ಕನೆಕ್ಟರ್ ಕಳಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು ಕಂಪ್ರೆಷನ್ ನೋಡಿ. ಸಂಖ್ಯೆ ಎಷ್ಟು ಬಂತು ಎನ್ನುವುದಕ್ಕಿಂತ ಆರೂ ಒಂದೇ ಮಟ್ಟದಲ್ಲಿವೆಯೇ ಎನ್ನುವುದು ಮುಖ್ಯ: ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರ ಇರಬಾರದು. ಪುಣೆ ಸಮುದ್ರಮಟ್ಟದಿಂದ 560 ಮೀಟರ್ ಮೇಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡ ಸುಮಾರು 0.95 ಬಾರ್. ಮುಂಬೈಯಲ್ಲಿ ತೆಗೆದ ರೀಡಿಂಗ್‌ಗಿಂತ ಇಲ್ಲಿ ಶೇ 5-6 ಕಡಿಮೆ ಬಂದರೆ ಗಾಬರಿಯಾಗಬೇಡಿ.

ಆಮೇಲೆ ಲೀಕ್‌ಡೌನ್. ಪಿಸ್ಟನ್ ಮೇಲಿನ ತುದಿಯಲ್ಲಿರುವಾಗ ಪ್ಲಗ್ ತೂತಿನಿಂದ ಗಾಳಿ ತುಂಬಿ ಎಷ್ಟು ಸೋರುತ್ತದೆ ನೋಡುವುದು. ಶೇ 10ರೊಳಗಿದ್ದರೆ ಖುಷಿಪಡಿ. 20 ದಾಟಿದರೆ ಟರ್ಬೊ ಮಾತು ಬಿಟ್ಟು ಎಂಜಿನ್ ಕೆಲಸ ಮಾಡಿಸಿ. ಕಿವಿ ಕೊಟ್ಟರೆ ಸೋರುವ ಜಾಗ ತಾನೇ ಹೇಳುತ್ತದೆ: ಥ್ರಾಟಲ್ ಬಾಯಲ್ಲಿ ಸುಯ್ಯೆಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಾದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಾದರೆ ರಿಂಗ್, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಎಂ50ರ ಬ್ಲಾಕ್ ಎರಕದ ಕಬ್ಬಿಣ. ಎಂ54ರದು ಅಲ್ಯೂಮಿನಿಯಂ, ಒಳಗೆ ಕಬ್ಬಿಣದ ಲೈನರ್. ಅಲ್ಯೂಮಿನಿಯಂ ಬ್ಲಾಕ್ ಒಮ್ಮೆ ಓವರ್‌ಹೀಟ್ ಆಗಿದ್ದರೆ ಹೆಡ್ ಬೋಲ್ಟಿನ ಥ್ರೆಡ್ ಸತ್ತಿರುತ್ತದೆ, ಬಿಗಿಯುವಾಗ ಬೋಲ್ಟಿನ ಜೊತೆಗೇ ಎದ್ದು ಬರುತ್ತದೆ. ಅಂಥ ಬ್ಲಾಕಿಗೆ ಸ್ಟೀಲ್ ಇನ್ಸರ್ಟ್ ಹಾಕಿಸದೆ ಬೂಸ್ಟ್ ಕೊಡಬಾರದು. ಆಯ್ಕೆ ಇದ್ದರೆ ಎಂ50 ಹುಡುಕಿ. ಕಂಪ್ರೆಷನ್ 10.0:1 (ಮೊದಲ ಬಗೆಯದರಲ್ಲಿ), ಕಬ್ಬಿಣದ ಬ್ಲಾಕ್, ಸರಳ ಎಲೆಕ್ಟ್ರಾನಿಕ್ಸ್. ಟರ್ಬೊಗೆ ಮನೆತನದಲ್ಲಿ ಅದೇ ಮೇಲು.

ಈ ಎಂಜಿನ್‌ಗಳಿಗೇ ಅಂಟಿದ ಮೂರು ರೋಗಗಳಿವೆ. ಟರ್ಬೊ ತರುವ ಮೊದಲೇ ಇವನ್ನು ಮುಗಿಸಿ. ಒಂದು, ಕೂಲಿಂಗ್: ರೇಡಿಯೇಟರ್ ಪಕ್ಕದ ಪ್ಲಾಸ್ಟಿಕ್ ಎಕ್ಸ್‌ಪಾನ್ಷನ್ ಟ್ಯಾಂಕ್, ಥರ್ಮೋಸ್ಟ್ಯಾಟ್ ಮನೆ, ವಾಟರ್ ಪಂಪಿನ ಪ್ಲಾಸ್ಟಿಕ್ ಇಂಪೆಲರ್. ಎಲ್ಲವೂ ಬಿಸಿಗೆ ಬಿಸ್ಕತ್ತಿನಂತಾಗಿರುತ್ತವೆ. ಒಟ್ಟಿಗೇ ಬದಲಿಸಿ, ಪಂಪ್ ಲೋಹದ ಇಂಪೆಲರ್‌ನದ್ದೇ ಇರಲಿ. ಎರಡು, ಆಯಿಲ್ ಪಂಪಿನ ಸ್ಪ್ರಾಕೆಟ್ ನಟ್. ಹೆಚ್ಚು ಆರ್‌ಪಿಎಂನಲ್ಲಿ ಇದು ಸಡಿಲಾಗಿ ಬಿದ್ದರೆ ಆಯಿಲ್ ಪ್ರೆಷರ್ ಸೊನ್ನೆ. ಆಯಿಲ್ ಚೇಂಬರ್ ಹೇಗೂ ಇಳಿಸುತ್ತೀರಿ, ಆಗ ಇದಕ್ಕೆ ಲಾಕಿಂಗ್ ಅಂಟು ಹಾಕಿ ತಂತಿಯಿಂದ ಕಟ್ಟಿ. ಇದು ಎಡಗೈ ಥ್ರೆಡ್, ಉಲ್ಟಾ ತಿರುಗಿಸಿ ಮುರಿಯಬೇಡಿ. ಮೂರನೆಯದು ಎಂ54ಕ್ಕೆ ಮತ್ತು ಕೊನೆಯ ಎಂ52ಗಳಿಗೆ ಮಾತ್ರ: ಇನ್‌ಟೇಕ್ ಮ್ಯಾನಿಫೋಲ್ಡಿನ ಡಿಸಾ ವಾಲ್ವ್. ಅದರ ಪ್ಲಾಸ್ಟಿಕ್ ರೆಕ್ಕೆ ಸವೆದು, ಪಿನ್ ಕಳಚಿ ನೇರ ಸಿಲಿಂಡರಿನೊಳಗೆ ಹೋದ ಉದಾಹರಣೆಗಳು ಬೂಸ್ಟ್ ಇಲ್ಲದ ಎಂಜಿನ್‌ಗಳಲ್ಲೇ ಬೇಕಾದಷ್ಟಿವೆ. ಲೋಹದ ರಿಪೇರಿ ಕಿಟ್ ಹಾಕಿ, ಇಲ್ಲವೇ ತೆಗೆದು ಪ್ಲೇಟ್ ಮುಚ್ಚಿ.

ಲೆಕ್ಕ ಮಾಡಿ, ಆಮೇಲೆ ಟರ್ಬೊ ಕೊಳ್ಳಿ

2.5 ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 7.1 ಘನ ಮೀಟರ್ ಗಾಳಿ ನುಂಗುತ್ತದೆ. ಪುಣೆಯಲ್ಲಿ 0.5 ಬಾರ್ ಬೂಸ್ಟ್ ಎಂದರೆ ಮ್ಯಾನಿಫೋಲ್ಡಿನಲ್ಲಿ ಒಟ್ಟು 1.45 ಬಾರ್. ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಂಪು ಮಾಡುವ ರೇಡಿಯೇಟರ್) ದಾಟಿದ ಗಾಳಿ 45 ಡಿಗ್ರಿ ಇದ್ದರೆ ನಿಮಿಷಕ್ಕೆ 11.3 ಕೆ.ಜಿ. ಗಾಳಿ. ಕೆ.ಜಿ.ಗೆ ಸುಮಾರು 22 ಎಚ್‌ಪಿ ಹಿಡಿದರೆ 250 ಎಚ್‌ಪಿ ಹತ್ತಿರ. ಕಾರ್ಖಾನೆಯಿಂದ ಬಂದಾಗ 192 ಎಚ್‌ಪಿ ಇದ್ದ ಎಂಜಿನ್ ಪುಣೆಯ ಎತ್ತರದಲ್ಲಿ ಕೊಡುವುದು ಸುಮಾರು 180. ಅಂದರೆ ಮೂರನೇ ಒಂದಕ್ಕಿಂತ ಹೆಚ್ಚು ಏರಿಕೆ. ಟಾರ್ಕ್ 245ರಿಂದ 340 ಎನ್‌ಎಂ ಆಸುಪಾಸಿಗೆ ಹೋಗುತ್ತದೆ, ಕಾರಿನ ಸ್ವಭಾವ ಬದಲಾಗುವುದು ಇಲ್ಲಿಯೇ.

ಕಂಪ್ರೆಸರ್ ಮ್ಯಾಪ್ (ಟರ್ಬೊ ಯಾವ ಒತ್ತಡದಲ್ಲಿ ಎಷ್ಟು ಗಾಳಿ ಕೊಡುತ್ತದೆ ಎಂಬ ನಕ್ಷೆ) ಮೇಲೆ ಬಿಂದು ಗುರುತಿಸುವಾಗ ನಷ್ಟಗಳನ್ನೂ ಸೇರಿಸಿ. ಇಂಟರ್‌ಕೂಲರ್ ಮತ್ತು ಪೈಪಿನಲ್ಲಿ 0.1 ಬಾರ್, ಏರ್ ಫಿಲ್ಟರಿನಲ್ಲಿ 0.03 ಬಾರ್ ಹೋಗುತ್ತದೆ ಎಂದಿಟ್ಟುಕೊಂಡರೆ ಪ್ರೆಷರ್ ರೇಷಿಯೊ 1.55 ಭಾಗಿಸು 0.92, ಅಂದರೆ 1.68. ಗ್ಯಾರೆಟ್ ಜಿಟಿ3071ಆರ್ ಅಥವಾ ಜಿಟಿ3076ಆರ್ ಈ ಕೆಲಸವನ್ನು ಬೆವರದೆ ಮಾಡುತ್ತವೆ. ಟರ್ಬೈನ್ ಹೌಸಿಂಗ್‌ನ ಎ/ಆರ್ (ಅದರ ಗಾತ್ರದ ಅಳತೆ) 2.5 ಲೀಟರಿಗೆ 0.63, 3 ಲೀಟರಿಗೆ 0.82. ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬ ಆಸೆ ಬೇಡ, 4500 ದಾಟಿದ ಮೇಲೆ ಏಳುವ ಟರ್ಬೊ ಕಾಗದದ ಮೇಲೆ ಮಾತ್ರ ಚೆಂದ.

ಕಡಿಮೆ ಖರ್ಚಿನವರು ಹುಡುಕುವುದು ಹೋಲ್ಸೆಟ್ ಎಚ್‌ಎಕ್ಸ್35, ಕಮಿನ್ಸ್‌ನ 5.9 ಲೀಟರ್ ಡೀಸೆಲ್‌ನಲ್ಲಿ ಹೆಸರು ಮಾಡಿದ ಟರ್ಬೊ. ಗಟ್ಟಿಮುಟ್ಟು, ಆದರೆ ಏಳುವುದು ಸ್ವಲ್ಪ ತಡ. ಮುಂಬೈಯ ಕುರ್ಲಾದ ಸಿಎಸ್‌ಟಿ ರಸ್ತೆಯಂಥ ಕಡೆ ಹಳೆಯ ಟರ್ಬೊ ಕೊಳ್ಳುವಾಗ ಶಾಫ್ಟ್ ಹಿಡಿದು ಮುಂದಕ್ಕೆ ಹಿಂದಕ್ಕೆ ಎಳೆಯಿರಿ, ಕೈಗೆ ಆಟ ತಿಳಿಯಲೇಬಾರದು. ಪಕ್ಕಕ್ಕೆ ಒತ್ತಿದಾಗ ಸ್ವಲ್ಪ ಆಟ ಸಹಜ, ಆದರೆ ರೆಕ್ಕೆ ಹೌಸಿಂಗ್‌ಗೆ ತಾಗಿದ ಗೀರು ಕಂಡರೆ ಅಲ್ಲೇ ಬಿಟ್ಟು ಬನ್ನಿ. ಹೆಸರಾಂತ ಕಂಪನಿಯ ಅಕ್ಷರ ಕೆತ್ತಿದ ನಕಲಿಗಿಂತ ಅಸಲಿ ಹಳೆಯದು ಮೇಲು.

ಹೊಗೆಯ ಬದಿ: ಬಲಬದಿ ಸ್ಟೀರಿಂಗ್‌ನ ತೊಡಕು

ಹೊರದೇಶದಿಂದ ತರಿಸಿದ ಕಿಟ್ ನಮ್ಮಲ್ಲಿ ಹೆಚ್ಚು ಕೈಕೊಡುವುದು ಇಲ್ಲಿ. ಈ ಎಂಜಿನ್ ಬಲಕ್ಕೆ 30 ಡಿಗ್ರಿ ವಾಲಿ ಕೂತಿದೆ, ಎಕ್ಸಾಸ್ಟ್ ಬಲಬದಿಗೆ. ಎಡಬದಿ ಸ್ಟೀರಿಂಗ್ ಇರುವ ದೇಶಗಳಲ್ಲಿ ಬಲಗಡೆ ಖಾಲಿ, ಟರ್ಬೊ ಆರಾಮಾಗಿ ಕೂರುತ್ತದೆ. ನಮ್ಮ ಕಾರಿನಲ್ಲಿ ಅದೇ ಜಾಗದಲ್ಲಿ ಸ್ಟೀರಿಂಗ್ ಶಾಫ್ಟ್ ಹಾದುಹೋಗುತ್ತದೆ, ಮೇಲೆ ಬ್ರೇಕ್ ಬೂಸ್ಟರ್ ಕೂತಿದೆ. ಆದ್ದರಿಂದ ಮ್ಯಾನಿಫೋಲ್ಡ್ ಕೊಳ್ಳುವ ಮೊದಲು ಬಲಬದಿ ಸ್ಟೀರಿಂಗ್‌ಗೇ ಮಾಡಿದ್ದು ಹೌದೇ ಎಂದು ಕೇಳಿ. ಅಲ್ಲವಾದರೆ ಇಲ್ಲಿಯೇ ಮಾಡಿಸಿ.

ಪುಣೆ ಪಕ್ಕದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇಸರ್ ಕಟಿಂಗ್, ಲೇತ್, ಆರ್ಗಾನ್ ವೆಲ್ಡಿಂಗ್ ಎಲ್ಲವೂ ಒಂದೆರಡು ಗಲ್ಲಿಗಳಲ್ಲೇ ಸಿಗುತ್ತವೆ, ವಿಜಯಪುರ, ಕಲಬುರಗಿ ಕಡೆಯ ಟರ್ನರ್, ವೆಲ್ಡರ್‌ಗಳು ಸಿಕ್ಕರೆ ವಿವರಿಸುವ ಕೆಲಸವೂ ಕನ್ನಡದಲ್ಲೇ ಆಗಿಹೋಗುತ್ತದೆ. ಅವರಿಗೆ ಹೇಳಬೇಕಾದ್ದು ಇಷ್ಟು. ಹೆಡ್ ಕಡೆಯ ಫ್ಲ್ಯಾಂಜ್ 12 ಮಿ.ಮೀ. ದಪ್ಪ. ಕೊಳವೆ 304 ಸ್ಟೇನ್‌ಲೆಸ್, ಶೆಡ್ಯೂಲ್ 10, ಒಳಗಿನ ವೆಲ್ಡಿಂಗ್‌ಗೆ ಆರ್ಗಾನ್ ಹಿಂಬದಿಯಿಂದಲೂ ಬಿಡಬೇಕು, ಇಲ್ಲದಿದ್ದರೆ ಒಳಭಾಗ ಸಕ್ಕರೆಯಂತೆ ಹರಳುಗಟ್ಟಿ ಮುಂದೆ ಉದುರಿ ಟರ್ಬೈನ್ ರೆಕ್ಕೆಗೆ ಬಡಿಯುತ್ತದೆ. ಫ್ಲ್ಯಾಂಜ್ ಮೈಲ್ಡ್ ಸ್ಟೀಲ್ ಆದರೆ ಫಿಲ್ಲರ್ ಕಡ್ಡಿ 309ಎಲ್. ವೆಲ್ಡಿಂಗ್ ಮುಗಿದ ಮೇಲೆ ಫ್ಲ್ಯಾಂಜ್ ಸೊಟ್ಟಗಾಗಿಯೇ ಇರುತ್ತದೆ, ಫೇಸಿಂಗ್ ಮಾಡಿಸಿ. ಸಿಲಿಂಡರ್‌ಗಳ ನಡುವೆ ಫ್ಲ್ಯಾಂಜನ್ನು ಕತ್ತರಿಸಿ ಬಿಡಿಸಿದರೆ ಬಿಸಿಗೆ ಹಿಗ್ಗಲು ಜಾಗ ಸಿಗುತ್ತದೆ. ಉದ್ದನೆಯ ಆರು ಸಿಲಿಂಡರ್ ಹೆಡ್‌ನಲ್ಲಿ ಹೀಗೆ ಮಾಡದಿದ್ದರೆ ಕೊನೆಯ ಸ್ಟಡ್‌ಗಳು ಮುರಿಯುತ್ತವೆ. ಟರ್ಬೊದ ಭಾರ ಮ್ಯಾನಿಫೋಲ್ಡಿನ ಮೇಲೇ ಬೀಳದಂತೆ ಬ್ಲಾಕಿನಿಂದ ಒಂದು ಆಧಾರ ಪಟ್ಟಿ ಕೊಡಿ.

ಬೂಸ್ಟ್ ಮಿತಿ ಮೀರದಂತೆ ಹೆಚ್ಚುವರಿ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಹೊರಗಿನದ್ದೇ ಇರಲಿ, 38ರಿಂದ 44 ಮಿ.ಮೀ. ಅದರ ಕೊಳವೆ ಹೊಗೆ ಹರಿಯುವ ದಿಕ್ಕಿನಲ್ಲೇ ಓರೆಯಾಗಿ ಹೊರಡಬೇಕು. ಲಂಬವಾಗಿ ಹಿಂದಕ್ಕೆ ತಿರುಗಿಸಿ ಕೂರಿಸಿದರೆ ವೇಸ್ಟ್‌ಗೇಟ್ ಪೂರ್ತಿ ತೆರೆದರೂ ಹೊಗೆ ಟರ್ಬೈನ್ ಕಡೆಗೇ ಹೋಗಿ, 0.5ಕ್ಕೆ ನಿಲ್ಲಬೇಕಾದ ಬೂಸ್ಟ್ 6000 ಆರ್‌ಪಿಎಂನಲ್ಲಿ 0.8ಕ್ಕೆ ತೆವಳುತ್ತದೆ. ಡೌನ್‌ಪೈಪ್ 76 ಮಿ.ಮೀ. ಸ್ಟೀರಿಂಗ್ ಶಾಫ್ಟಿನ ರಬ್ಬರ್ ಜೋಡಣೆಗೂ ಬ್ರೇಕ್ ಮಾಸ್ಟರ್ ಸಿಲಿಂಡರಿಗೂ ತಗಡಿನ ಶಾಖ ತಡೆ ಬೇಕೇ ಬೇಕು, ತಗಡಿಗೂ ಟರ್ಬೊಗೂ ನಡುವೆ ಎರಡು ಬೆರಳಿನಷ್ಟು ಗಾಳಿ ಇರಲಿ.

ಆಯಿಲ್: ಒಳಗೆ ಕಟ್ಟುನಿಟ್ಟು, ಹೊರಗೆ ಧಾರಾಳ

ಒಳಬರುವ ಆಯಿಲ್ ಅನ್ನು ಫಿಲ್ಟರ್ ಹೌಸಿಂಗಿನ ಪ್ರೆಷರ್ ಸ್ವಿಚ್ ಜಾಗದಿಂದ ಟೀ ಹಾಕಿ ತೆಗೆಯಬಹುದು. ಬಾಲ್ ಬೇರಿಂಗ್ ಟರ್ಬೊಗೆ ಸುಮಾರು 1 ಮಿ.ಮೀ. ತೂತಿನ ರಿಸ್ಟ್ರಿಕ್ಟರ್ ಹಾಕಿ, ಜರ್ನಲ್ ಬೇರಿಂಗ್‌ನ ಹೋಲ್ಸೆಟ್‌ಗೆ ಬೇಡ. ಕೊಳವೆ ಸ್ಟೀಲ್ ಹೆಣಿಗೆಯದು, ಎಲ್ಲೂ ಬಿಸಿ ಪೈಪಿಗೆ ತಾಗಬಾರದು.

ಹೊರಹೋಗುವ ದಾರಿಯಲ್ಲಿ ಎಡವಿದವರೇ ಹೆಚ್ಚು. ಟರ್ಬೊದಿಂದ ಹೊರಬೀಳುವ ಆಯಿಲ್ ಗಾಳಿ ಬೆರೆತು ನೊರೆಯಾಗಿರುತ್ತದೆ, ಅದನ್ನು ತಳ್ಳುವ ಒತ್ತಡವೇನೂ ಇಲ್ಲ, ತನ್ನ ತೂಕದಿಂದಲೇ ಜಾರಬೇಕು. ಒಳವ್ಯಾಸ 16 ಮಿ.ಮೀ.ಗಿಂತ ಕಡಿಮೆ ಬೇಡ, ನೆಟ್ಟಗೆ ಕೆಳಕ್ಕೆ, ವಾಲಿದರೂ 35 ಡಿಗ್ರಿಯೊಳಗೆ. ಎಲ್ಲೂ ಹೊಟ್ಟೆ ಬಿಡಬಾರದು. ಚೇಂಬರಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಇದಕ್ಕಾಗಿ ಚೇಂಬರ್ ಇಳಿಸಿ ಅಲ್ಯೂಮಿನಿಯಂ ಬಾಯಿ ವೆಲ್ಡ್ ಮಾಡಿಸಬೇಕು, ಚೇಂಬರ್ ಇಳಿಯಲು ಮುಂದಿನ ಸಬ್‌ಫ್ರೇಮ್ ತಗ್ಗಿಸಬೇಕು. ದೊಡ್ಡ ಕೆಲಸ, ಹೌದು. ಇಳಿಸದೆ ಕೆಳಗಿನಿಂದಲೇ ತೂತು ಕೊರೆದು ಗ್ರೀಸ್ ಹಚ್ಚಿ ಚೂರು ಹಿಡಿಯುತ್ತೇವೆ ಎನ್ನುವವರ ಮಾತು ಕೇಳಬೇಡಿ. ಒಂದು ಚೂರು ಪಂಪಿಗೆ ಹೋದರೆ ಸಾಕು.

ಕ್ರ್ಯಾಂಕ್‌ಕೇಸ್ ಉಸಿರಾಟವನ್ನೂ ಈಗಲೇ ಬದಲಿಸಿ. ಮೂಲ ವ್ಯವಸ್ಥೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಜೋಡಿಸಿದೆ. ಬೂಸ್ಟ್ ಬಂದಾಗ ಅದೇ ದಾರಿಯಿಂದ ಒತ್ತಡ ಎಂಜಿನ್ ಹೊಟ್ಟೆಗೆ ನುಗ್ಗಿ ಸೀಲ್‌ಗಳನ್ನು ಹೊರಗೆ ತಳ್ಳುತ್ತದೆ, ಟರ್ಬೊ ಡ್ರೇನ್ ಕೂಡ ನಿಲ್ಲುತ್ತದೆ. ಮ್ಯಾನಿಫೋಲ್ಡ್ ಕಡೆಯ ತೂತು ಮುಚ್ಚಿ, ವಾಲ್ವ್ ಕವರಿನಿಂದ 19 ಮಿ.ಮೀ. ಹೋಸ್ ಅನ್ನು ಕ್ಯಾಚ್ ಕ್ಯಾನಿಗೆ (ಆಯಿಲ್ ಹಬೆ ಹಿಡಿಯುವ ಡಬ್ಬಿಗೆ) ಕೊಡಿ.

ತಂಪು ಬದಿ

ಇಂಟರ್‌ಕೂಲರ್ ಕೋರ್ ಸುಮಾರು 550 × 230 × 65 ಮಿ.ಮೀ., ಬಾರ್ ಮತ್ತು ಪ್ಲೇಟ್ ಬಗೆಯದು. ಪೈಪ್ 63 ಮಿ.ಮೀ. ಸಾಕು. ಪೈಪಿನ ತುದಿಗೆ ಉಬ್ಬು ಹೊಡೆಸಿ, ನುಣುಪು ತುದಿಗೆ ಎಷ್ಟು ಬಿಗಿದರೂ ಹೋಸ್ ಹಾರುತ್ತದೆ. ಕ್ಲಿಪ್‌ಗಳು, ಸಿಲಿಕಾನ್ ಹೋಸ್‌ಗಳಿಗೆ ಪುಣೆಯ ನಾನಾ ಪೇಠ್ ಸುತ್ತಿದರೆ ಸಾಕು, ಟಿ-ಬೋಲ್ಟ್ ಕ್ಲಿಪ್‌ಗಳನ್ನೇ ಕೇಳಿ.

ಇಂಟರ್‌ಕೂಲರ್ ಇಲ್ಲದೆ ಅರ್ಧ ಬಾರ್ ನಡೆಯುತ್ತದೆ ಎನ್ನುವವರಿಗೆ ಒಂದು ಲೆಕ್ಕ. ಮೇ ತಿಂಗಳ 40 ಡಿಗ್ರಿ ಗಾಳಿಯನ್ನು 1.68 ರೇಷಿಯೊಗೆ ಒತ್ತಿದರೆ, ಕಂಪ್ರೆಸರ್ ದಕ್ಷತೆ ಶೇ 72 ಇದ್ದಾಗ ಹೊರಬರುವ ಗಾಳಿ 109 ಡಿಗ್ರಿ. ಶೇ 70 ಶಾಖ ತೆಗೆಯುವ ಇಂಟರ್‌ಕೂಲರ್ ಅದನ್ನು 61ಕ್ಕೆ ಇಳಿಸುತ್ತದೆ. ಡಿಸೆಂಬರಿನ 15 ಡಿಗ್ರಿ ಬೆಳಿಗ್ಗೆ ಅದೇ ಇಂಟರ್‌ಕೂಲರ್ ಕೊಡುವುದು 34. ಈ 27 ಡಿಗ್ರಿ ಅಂತರ ನೆನಪಿರಲಿ, ಮ್ಯಾಪ್ (ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂಬ ಕೋಷ್ಟಕ) ಮಾಡುವಾಗ ಮತ್ತೆ ಬರುತ್ತದೆ.

ಪೆಟ್ರೋಲ್

ಟರ್ಬೊ ಎಂಜಿನ್ ಪ್ರತಿ ಎಚ್‌ಪಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಪೆಟ್ರೋಲ್ ಕೇಳುತ್ತದೆ. 250 ಎಚ್‌ಪಿಗೆ 1575 ಸಿಸಿ, ಆರು ಇಂಜೆಕ್ಟರಿಗೆ ಹಂಚಿದರೆ ತಲಾ 262. ಇಂಜೆಕ್ಟರ್ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು, ಹಾಗಾಗಿ 328. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಇನ್ನೂ ಶೇ 8 ಸೇರಿಸಿದರೆ 354 ಸಿಸಿ. 440 ಸಿಸಿಯ ಇಂಜೆಕ್ಟರ್ ಕೊಂಡರೆ ಉಸಿರಾಡಲು ಜಾಗ ಇರುತ್ತದೆ. ಬಳಸಿದ ಸೆಟ್ ಆದರೆ ಆರನ್ನೂ ಬೆಂಚಿನಲ್ಲಿ ಅಳೆಸಿ. ಒಂದೇ ಒಂದು ಇಂಜೆಕ್ಟರ್ ಶೇ 8 ಕಡಿಮೆ ಸುರಿದರೂ ಹೊಗೆ ನೋಡಿ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಮೀಟರ್ ಆರರ ಸರಾಸರಿ ತೋರಿಸುತ್ತದೆ, ಆ ಒಂದು ಪಿಸ್ಟನ್ ಮಾತ್ರ ಬೇಯುತ್ತದೆ.

ಟ್ಯಾಂಕಿನೊಳಗೆ ಗಂಟೆಗೆ 255 ಲೀಟರಿನ ಪಂಪ್, ಅದಕ್ಕೆ ಬ್ಯಾಟರಿಯಿಂದ ನೇರ ಹೊಸ ವೈರ್ ಮತ್ತು ರಿಲೇ. ಪಂಪಿನ ಬಾಯಲ್ಲಿ ವೋಲ್ಟೇಜ್ ಅಳೆಯಿರಿ, ಹಳೆಯ ವೈರಿನಲ್ಲಿ ಒಂದೂವರೆ ವೋಲ್ಟ್ ಕಳೆದುಹೋಗುವುದು ಅಪರೂಪವೇನಲ್ಲ. ಪ್ರೆಷರ್ ರೆಗ್ಯುಲೇಟರಿಗೆ ಮ್ಯಾನಿಫೋಲ್ಡಿನ ಹೋಸ್ ಇರಬೇಕು: ಬೂಸ್ಟ್ ಅರ್ಧ ಬಾರ್ ಏರಿದರೆ ಪೆಟ್ರೋಲ್ ಒತ್ತಡವೂ ಅರ್ಧ ಬಾರ್ ಏರಬೇಕು. ತೊಂಬತ್ತರ ದಶಕದ ರಬ್ಬರ್ ಪೈಪುಗಳಿಗೆ ಎಥೆನಾಲ್ ಆಗದು, ಆರ್9 ದರ್ಜೆಯ ಹೋಸ್ ಹಾಕಿ.

91 ಆಕ್ಟೇನ್‌ನ ಪೆಟ್ರೋಲ್ 10:1 ಕಂಪ್ರೆಷನ್ನಿನ ಬೂಸ್ಟ್ ಎಂಜಿನ್‌ಗೆ ಹೊಂದದು. 95 ಕನಿಷ್ಠ, 100 ಆಕ್ಟೇನ್‌ನ ಎಕ್ಸ್‌ಪಿ100 ಸಿಕ್ಕರೆ ಅದೇ. ಯಾವುದಕ್ಕೆ ಮ್ಯಾಪ್ ಮಾಡಿಸುತ್ತೀರೋ ಅದಕ್ಕಿಂತ ಕೆಳಗಿನದ್ದನ್ನು ಎಂದೂ ತುಂಬಬೇಡಿ.

ಹೆಡ್ ಗ್ಯಾಸ್ಕೆಟ್ ಬದಲಿಸಬೇಕೇ?

0.5 ಬಾರ್‌ಗೆ, ಎಂಜಿನ್ ಆರೋಗ್ಯವಾಗಿದ್ದರೆ, ಮೂಲ ಗ್ಯಾಸ್ಕೆಟ್ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ಹೆಡ್ ಬಿಚ್ಚಲೇಬೇಕಾಗಿ ಬಂದರೆ ಪದರ ಸ್ಟೀಲ್ ಗ್ಯಾಸ್ಕೆಟ್ ಮತ್ತು ಸ್ಟಡ್ ಹಾಕಿ. ಮೂಲಕ್ಕಿಂತ 1 ಮಿ.ಮೀ. ದಪ್ಪದ ಗ್ಯಾಸ್ಕೆಟ್ ಎಂ50ರ 10.0:1 ಅನ್ನು 9.0ಕ್ಕೂ, 3 ಲೀಟರ್ ಎಂ54ರ 10.2 ಅನ್ನು 9.3ಕ್ಕೂ ಇಳಿಸುತ್ತದೆ. ಅದಕ್ಕಿಂತ ದಪ್ಪ ಬೇಡ. ಪಿಸ್ಟನ್ ಮತ್ತು ಹೆಡ್ ನಡುವಿನ ಇಕ್ಕಟ್ಟಿನಲ್ಲಿ ಮಿಶ್ರಣ ಕಲಕುವ ಗುಣ ಹೋಗಿ, ಕಂಪ್ರೆಷನ್ ಇಳಿಸಿ ಗಳಿಸಿದ್ದನ್ನು ಅಲ್ಲಿ ಕಳೆದುಕೊಳ್ಳುತ್ತೀರಿ. ಹಳೆಯ ಹೆಡ್ ಬೋಲ್ಟ್ ಮರುಬಳಕೆ ಯಾವ ಕಾರಣಕ್ಕೂ ಇಲ್ಲ.

ಇಸಿಯು, ಮೊದಲ ಸ್ಟಾರ್ಟ್, ಮ್ಯಾಪ್

ಪೆಟ್ರೋಲ್ ಒತ್ತಡ ಏರಿಸಿ ಮೂಲ ಕಂಪ್ಯೂಟರಿಗೆ ಮೋಸ ಮಾಡುವ ಡಬ್ಬಿಗಳಿಗೆ ದುಡ್ಡು ಹಾಕಬೇಡಿ. ಟೈಮಿಂಗ್ ಮೇಲೆ ಅವಕ್ಕೆ ಹಿಡಿತವಿಲ್ಲ. ಮೆಗಾಸ್ಕ್ವಿರ್ಟ್, ಇಸಿಯು ಮಾಸ್ಟರ್, ಲಿಂಕ್‌ನಂಥ ಸ್ವತಂತ್ರ ಇಸಿಯು (ಎಂಜಿನ್ ಕಂಪ್ಯೂಟರ್), ಮ್ಯಾನಿಫೋಲ್ಡ್ ಒತ್ತಡ ಅಳೆಯುವ 3 ಬಾರ್ ಮ್ಯಾಪ್ ಸೆನ್ಸರ್, ಇಂಟರ್‌ಕೂಲರ್ ದಾಟಿದ ಮೇಲಿನ ಪೈಪಿನಲ್ಲಿ ಗಾಳಿಯ ತಾಪ ಸೆನ್ಸರ್, ಟರ್ಬೊದಿಂದ 60-90 ಸೆಂ.ಮೀ. ದೂರದಲ್ಲಿ ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್. ಸ್ಪಾರ್ಕ್ ಪ್ಲಗ್ ಒಂದು ಮೆಟ್ಟಿಲು ತಂಪಿನದು, ಎನ್‌ಜಿಕೆ ಲೆಕ್ಕದಲ್ಲಿ 7, ಗ್ಯಾಪ್ 0.65 ಮಿ.ಮೀ.

ಸ್ಟಾರ್ಟ್ ಮಾಡುವ ಮೊದಲು ಸೋರಿಕೆ ನೋಡಿ. ಟರ್ಬೊ ಬಾಯಿಗೆ ಪಿವಿಸಿ ಮುಚ್ಚಳ, ಅದಕ್ಕೊಂದು ಟೈರ್ ವಾಲ್ವ್ ಕೂರಿಸಿ 0.7 ಬಾರ್ ಗಾಳಿ ತುಂಬಿ, ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಬಿಗಿಯಿರಿ. ಬ್ರೇಕ್ ಬೂಸ್ಟರ್ ಹೋಸಿನ ಒಮ್ಮುಖ ವಾಲ್ವ್ ಕೆಲಸ ಮಾಡುತ್ತಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಟರ್ಬೊದ ಆಯಿಲ್ ಬಾಯಿಗೆ ಒಂದಿಷ್ಟು ಆಯಿಲ್ ಸುರಿದು ಕೈಯಿಂದ ಶಾಫ್ಟ್ ತಿರುಗಿಸಿ. ಪೆಟ್ರೋಲ್ ಪಂಪಿನ ಫ್ಯೂಸ್ ಮತ್ತು ಪ್ಲಗ್‌ಗಳನ್ನು ತೆಗೆದು, ಆಯಿಲ್ ದೀಪ ಆರುವವರೆಗೆ 10 ಸೆಕೆಂಡಿನ ಕಂತುಗಳಲ್ಲಿ ಸ್ಟಾರ್ಟರ್ ತಿರುಗಿಸಿ. ಆಮೇಲೆ ಸ್ಟಾರ್ಟ್. ಮೊದಲ 15 ನಿಮಿಷ ಐಡಲ್‌ನಲ್ಲೇ ಬಿಟ್ಟು ಕೂಲಂಟ್‌ನ ಗಾಳಿ ತೆಗೆಯಿರಿ. ಮ್ಯಾನಿಫೋಲ್ಡ್ ನಟ್‌ಗಳನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ಮ್ಯಾಪ್ ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆಯೇ ಆಗಬೇಕು. ಬೂಸ್ಟ್ ಇಲ್ಲದಾಗ ಲ್ಯಾಂಬ್ಡಾ (1ಕ್ಕಿಂತ ಕಡಿಮೆಯಾದಷ್ಟೂ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು) 1.0, ಅರ್ಧ ಬಾರ್‌ನಲ್ಲಿ 0.78ರಿಂದ 0.80. ಎಎಫ್ಆರ್ (ಗಾಳಿ-ಪೆಟ್ರೋಲ್ ತೂಕದ ಅನುಪಾತ) ಸಂಖ್ಯೆ ಬಿಟ್ಟು ಲ್ಯಾಂಬ್ಡಾದಲ್ಲೇ ಮಾತಾಡಿ, ಯಾಕೆಂದರೆ ಇ20ಕ್ಕೆ 14.7 ಎಂಬ ಹಳೆಯ ಸಂಖ್ಯೆ ಹೊಂದುವುದಿಲ್ಲ, ಅದರದು 13.5ರ ಆಸುಪಾಸು. ಟೈಮಿಂಗ್ ಪೂರ್ಣ ಬೂಸ್ಟಿನಲ್ಲಿ 12 ಡಿಗ್ರಿಯಿಂದ ಶುರುಮಾಡಿ ಒಂದೊಂದೇ ಡಿಗ್ರಿ ಏರಿಸಿ. ಟಾರ್ಕ್ ಏರುವುದು ನಿಂತ ಕಡೆ ನಿಲ್ಲಿ, ಅಲ್ಲಿಂದ ಎರಡು ಡಿಗ್ರಿ ಹಿಂದೆ ಬನ್ನಿ. 84 ಮಿ.ಮೀ. ಬೋರಿಗೆ ನಾಕ್ ಸದ್ದು 6.8 ಕಿಲೋಹರ್ಟ್ಜ್ ಸುತ್ತ ಕೇಳುತ್ತದೆ, ನಾಕ್ ಸೆನ್ಸರನ್ನು ಅಲ್ಲಿಗೆ ಹೊಂದಿಸಿ.

ಈಗ ಆ 27 ಡಿಗ್ರಿ. ಡಿಸೆಂಬರಿನಲ್ಲಿ ಮ್ಯಾಪ್ ಮಾಡಿಸಿ ಸುಮ್ಮನಾದರೆ ಮೇ ಮಧ್ಯಾಹ್ನ ಅದೇ ಎಂಜಿನ್ ನಾಕ್ ಹೊಡೆಯುತ್ತದೆ. ಗಾಳಿಯ ತಾಪ 45 ದಾಟಿದ ಮೇಲೆ ಪ್ರತಿ 10 ಡಿಗ್ರಿಗೆ ಒಂದೂವರೆ ಡಿಗ್ರಿ ಟೈಮಿಂಗ್ ತಾನಾಗಿ ಇಳಿಯುವಂತೆ ಇಸಿಯುನಲ್ಲಿ ಟೇಬಲ್ ಬರೆಯಿಸಿ, 65 ದಾಟಿದರೆ ಬೂಸ್ಟೇ ಕಡಿತವಾಗಲಿ. ಇನ್ನೊಂದು ಎತ್ತರದ ವಿಷಯ. ವೇಸ್ಟ್‌ಗೇಟ್ ಸ್ಪ್ರಿಂಗ್ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ ನೋಡುತ್ತದೆ. ಪುಣೆಯಲ್ಲಿ ಮ್ಯಾನಿಫೋಲ್ಡ್ 145 ಕಿಲೋಪಾಸ್ಕಲ್ ತಲುಪಿದರೆ, ಖಂಡಾಳ ಘಾಟ್ ಇಳಿದು ಮುಂಬೈಗೆ ಹೋದಾಗ, ಅಥವಾ ಚೆನ್ನೈನ ಟ್ರ್ಯಾಕಿಗೆ ಹೋದಾಗ ಅದೇ ಸ್ಪ್ರಿಂಗ್ 151 ಕೊಡುತ್ತದೆ. ಮ್ಯಾಪ್ ಕೋಷ್ಟಕದಲ್ಲಿ ಪುಣೆಯ ಡೈನೊ ಎಂದೂ ಮುಟ್ಟದ ಸಾಲು ಅದು. ಆದ್ದರಿಂದ 170ರವರೆಗಿನ ಸಾಲುಗಳನ್ನೂ ಹೆಚ್ಚು ಪೆಟ್ರೋಲ್, ಕಡಿಮೆ ಟೈಮಿಂಗ್‌ನೊಂದಿಗೆ ತುಂಬಿಸಿ, 175ಕ್ಕೆ ಪೆಟ್ರೋಲ್ ಕಟ್ ಇಡಿಸಿ.

ತೊಂದರೆ ಬಂದಾಗ

ಸಿಗ್ನಲ್‌ನಲ್ಲಿ ನಿಂತಂತೆ ಸ್ವಲ್ಪ ಹೊತ್ತು ಐಡಲ್ ಬಿಟ್ಟು ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಟರ್ಬೊ ಸೀಲ್ ಹೋಯಿತೆಂದು ಅವಸರ ಪಡಬೇಡಿ. ಹತ್ತರಲ್ಲಿ ಏಳೆಂಟು ಸಲ ಡ್ರೇನ್ ಕೊಳವೆಯದೋ ಕ್ರ್ಯಾಂಕ್‌ಕೇಸ್ ಉಸಿರಾಟದ್ದೋ ತಪ್ಪು. ಬೂಸ್ಟ್ ಬಂದಾಗ ಮಾತ್ರ ಎಂಜಿನ್ ತೊದಲಿದರೆ ಪ್ಲಗ್ ಗ್ಯಾಪನ್ನು 0.55ಕ್ಕೆ ಇಳಿಸಿ ನೋಡಿ, ಆಮೇಲೆ ಕಾಯಿಲ್ ಮೇಲೆ ಅನುಮಾನ ಪಡಿ. ಕೂಲಂಟ್ ಹೋಸ್ ತಣ್ಣಗಿದ್ದಾಗಲೂ ಕಲ್ಲಿನಂತೆ ಗಟ್ಟಿಯಾಗಿದ್ದರೆ ಹೆಡ್ ಎತ್ತಿಕೊಂಡಿದೆ, ಇನ್ನು ಓಡಿಸಬೇಡಿ.

ಗೇರ್‌ಬಾಕ್ಸ್ ಮಾತು. ನಮ್ಮಲ್ಲಿರುವ ಈ ಕಾರುಗಳಲ್ಲಿ ಹಲವು ಆಟೊಮ್ಯಾಟಿಕ್, ಅವುಗಳ ಟಾರ್ಕ್ ಮಿತಿ 300 ಎನ್‌ಎಂ ಚಿಲ್ಲರೆ. 340 ಎನ್‌ಎಂ ಕೊಡುವುದಾದರೆ ಹಳೆಯ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಬದಲಿಸಿ, ಪ್ರತ್ಯೇಕ ಕೂಲರ್ ಹಾಕಿ, 3000 ಆರ್‌ಪಿಎಂ ಒಳಗೆ ಬೂಸ್ಟ್ ಮೆಲ್ಲಗೆ ಏರುವಂತೆ ಮ್ಯಾಪ್ ಮಾಡಿಸಿ. ಮ್ಯಾನ್ಯುಯಲ್‌ಗೆ ಹೊಸ ಕ್ಲಚ್. ಬ್ರೇಕ್ ಪ್ಯಾಡ್ ಮತ್ತು ಡಾಟ್ 4 ಬ್ರೇಕ್ ಆಯಿಲ್ ಮೊದಲ ಟ್ರ್ಯಾಕ್ ದಿನಕ್ಕೆ ಮುಂಚೆಯೇ ಬದಲಾಗಿರಬೇಕು.

ಮೊದಲ ಎಂಜಿನ್ ಆಯಿಲ್ 500 ಕಿ.ಮೀ.ಗೆ ಚೆಲ್ಲಿ, ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಅಯಸ್ಕಾಂತಕ್ಕೆ ಅಂಟದೆ ಹೊಳೆಯುವ ಪದರುಗಳು ಕಂಡರೆ ಅದು ಬೇರಿಂಗ್, ಮತ್ತೆ ಚೇಂಬರ್ ಇಳಿಸಬೇಕು. ಏನೂ ಕಾಣದಿದ್ದರೆ 5ಡಬ್ಲ್ಯು-40 ತುಂಬಿ, ಮುಂದೆ 5000 ಕಿ.ಮೀ. ಅಥವಾ ನಾಲ್ಕು ಟ್ರ್ಯಾಕ್ ದಿನಕ್ಕೊಮ್ಮೆ ಬದಲಿಸಿ. ಪ್ರತಿ ಸಲವೂ ಆರು ಪ್ಲಗ್‌ಗಳನ್ನು ತೆಗೆದು, ಯಾವ ಸಿಲಿಂಡರಿನದು ಎಂದು ಗುರುತು ಹಾಕಿ ಸಾಲಾಗಿ ಇಟ್ಟು, ಆ ಬಿಳಿ ಪಿಂಗಾಣಿಯನ್ನು ಭೂತಕನ್ನಡಿಯಲ್ಲಿ ನೋಡಿ.